ಮಾರ್ಚ್ ಮುಗಿದರೂ ಸೇವೆ ಮುಗಿಯದಿರಲಿ

ವಿಟಿಯು ವ್ಯಾಪ್ತಿಯಲ್ಲಿ ಬಿ.ಇ. ಓದುವ ನಮಗೆ ಪದವಿ ಕೈಸೇರಬೇಕಾದರೆ ಅಂಕಗಳ ಜೊತೆಗೆ 100 ಆಕ್ಟಿವಿಟಿ ಪಾಯಿಂಟ್‌ಗಳೂ ಬೇಕು. ಎಐಸಿಟಿಇ ತಂದ ನಿಯಮವಿದು. ಎಂಜಿನಿಯರ್ ಆಗುವವರು ಹಳ್ಳಿ, ಕೆರೆ, ಸರ್ಕಾರಿ ಶಾಲೆಗಳನ್ನೂ ನೋಡಿರಲಿ ಎಂಬುದು ಇದರ ಆಶಯ. ಕಂಪನಿಗಳಿಗೂ ಇಂಥದ್ದೇ ಒಂದು ಕಟ್ಟುಪಾಡಿದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135ರ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಸಂಪತ್ತು ಇರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದೇ ಸಿಎಸ್‌ಆರ್.

ನಮಗೆ ಪಾಯಿಂಟ್ ಬೇಕು, ಅವರಿಗೆ ಖರ್ಚು ತೋರಿಸಬೇಕು. ಈ ಎರಡು ಅಗತ್ಯಗಳು ಕಾಲೇಜಿನಲ್ಲಿ ಭೇಟಿಯಾದಾಗ ಏನಾಗುತ್ತದೆ? ಎಷ್ಟೋ ಸಲ ಒಂದು ಬ್ಯಾನರ್, ಒಂದು ಟೀ ಶರ್ಟ್, ಒಂದು ಗ್ರೂಪ್ ಫೋಟೊ, ಕೊನೆಗೊಂದು ಸರ್ಟಿಫಿಕೇಟ್. ಅದನ್ನು ಲಿಂಕ್ಡ್‌ಇನ್‌ಗೆ ಹಾಕಿದರೆ ನಾವೂ 'ಯುವ ನಾಯಕರು'!

ನಾನು ಎರಡನೇ ವರ್ಷದಲ್ಲಿದ್ದಾಗ, ಫೆಬ್ರುವರಿಯಲ್ಲಿ ಒಂದು ಕಂಪನಿಯ ನಾಯಕತ್ವ ಕಾರ್ಯಕ್ರಮ ನಮ್ಮ ಕಾಲೇಜಿಗೆ ಬಂತು. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ನಮ್ಮ ಇಪ್ಪತ್ತು ಜನರ ತಂಡ ಶನಿವಾರ ಗಣಿತ ಹೇಳಿಕೊಡಬೇಕಿತ್ತು. ಭಾಗಾಕಾರವೇ ಬಾರದಿದ್ದ ಹುಡುಗನೊಬ್ಬ ನಾಲ್ಕು ವಾರಗಳಲ್ಲಿ ಭಿನ್ನರಾಶಿಗೆ ಬಂದಿದ್ದ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯಿತು, ನಮ್ಮನ್ನು ಕರೆದೊಯ್ಯುತ್ತಿದ್ದ ವ್ಯಾನೂ ನಿಂತಿತು. 'ಮುಂದಿನ ವರ್ಷ ಬೇರೆ ಥೀಮ್' ಎಂದರು. ಈಗಲೂ ಆ ಶಾಲೆಗೆ ಹೋಗುತ್ತಿರುವುದು ನಾವು ಮೂವರು ಹುಡುಗಿಯರು ಮಾತ್ರ. ಶಕ್ತಿ ಯೋಜನೆಯಿಂದ ನಮಗೆ ಸರ್ಕಾರಿ ಬಸ್ಸು ಉಚಿತ. ತಂಡದ ಹುಡುಗರಿಗೆ ಮನಸ್ಸಿಲ್ಲ ಎಂದಲ್ಲ. ವಾರವಾರ ಬಸ್ ಚಾರ್ಜ್ ಕೊಡುವುದು ಹಾಸ್ಟೆಲ್‌ನಲ್ಲಿರುವವರಿಗೆ ಕಷ್ಟ. ಉದ್ಘಾಟನೆಯ ವೇದಿಕೆ, ಹಾರ, ಶಾಲಿಗೆ ಹೋದ ಹಣದಲ್ಲಿ ಒಂದಿಷ್ಟು ಉಳಿಸಿದ್ದರೂ ಅವರೆಲ್ಲ ವರ್ಷಪೂರ್ತಿ ಓಡಾಡಬಹುದಿತ್ತು.

ಇದಕ್ಕೆ ಕಾನೂನನ್ನು ದೂರುವಂತಿಲ್ಲ. ಒಂದು ದಿನದ ಮ್ಯಾರಥಾನ್, ಪ್ರಶಸ್ತಿ ಸಮಾರಂಭಗಳು ಸಿಎಸ್‌ಆರ್ ಅಲ್ಲ ಎಂದು ಕೇಂದ್ರ ಸರ್ಕಾರ 2014ರಲ್ಲೇ ಸುತ್ತೋಲೆ ಹೊರಡಿಸಿತ್ತು. ಶುರುವಾದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷ ನಡೆಯುವ ಯೋಜನೆಗೂ ಅವಕಾಶವಿದೆ. ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟರಾಯಿತು. ಹಾಗಾಗಿ 'ವರ್ಷ ಮುಗಿಯಿತು' ಎಂಬುದು ಸಬೂಬು. ಇನ್ನೊಂದು ತೊಡಕೂ ಇದೆ. ಯೋಜನೆಯಿಂದ ಏನು ಬದಲಾಯಿತು ಎಂದು ಹೊರಗಿನವರಿಂದ ಮೌಲ್ಯಮಾಪನ ಮಾಡಿಸುವುದು ಕಡ್ಡಾಯವಾಗಿರುವುದು ಸರಾಸರಿ 10 ಕೋಟಿ ರೂಪಾಯಿ ಸಿಎಸ್‌ಆರ್ ಹೊಣೆಯಿರುವ ದೊಡ್ಡ ಕಂಪನಿಗಳಿಗೆ, ಅದೂ 1 ಕೋಟಿ ಮೀರಿದ ಯೋಜನೆಗಳಿಗೆ. ಕಾಲೇಜಿನ ಪುಟ್ಟ ಕಾರ್ಯಕ್ರಮಗಳು ಈ ಜರಡಿಗೆ ಸಿಗುವುದೇ ಇಲ್ಲ. ಎಷ್ಟು ಜನ ಬಂದರು ಎಂಬ ಲೆಕ್ಕ ವರದಿಗೆ ಹೋಗುತ್ತದೆ, ಎಷ್ಟು ಮಕ್ಕಳು ಕಲಿತರು ಎಂಬುದನ್ನು ಯಾರೂ ಕೇಳುವುದಿಲ್ಲ.

ಒಳ್ಳೆಯ ಮಾದರಿ ಇಲ್ಲವೆಂದಲ್ಲ. ಬೆಂಗಳೂರಿನ ಹೊರವಲಯದ ಕ್ಯಾಲಸನಹಳ್ಳಿಯ 36 ಎಕರೆ ಕೆರೆಗೆ 2017ರಲ್ಲಿ ಮರುಜೀವ ಬಂದದ್ದು ಸನ್ಸೇರಾ ಕಂಪನಿಯ ಸಿಎಸ್‌ಆರ್ ಹಣದಿಂದ. ಮುಂದೆ ನಿಂತವರು ಅದೇ ಕಂಪನಿಯಲ್ಲಿದ್ದ ಮೆಕ್ಯಾನಿಕಲ್ ಎಂಜಿನಿಯರ್ ಆನಂದ್ ಮಲ್ಲಿಗವಾಡ. ಒಂದು ಕೆರೆಗೆ ನಿಲ್ಲದೆ ಅವರು ಇನ್ನೂ ಹಲವು ಕೆರೆಗಳ ಕೆಲಸಕ್ಕೆ ಇಳಿದರು. ಹೋಟೆಲ್ ಸಭಾಂಗಣದ ಪವರ್‌ಪಾಯಿಂಟ್‌ನಲ್ಲಿ ಸಿಗದ ನಾಯಕತ್ವದ ಪಾಠ ಅಲ್ಲಿದೆ. 1969ರಿಂದ ನಡೆಯುತ್ತಿರುವ ಎನ್‌ಎಸ್‌ಎಸ್‌ ಕೂಡ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ, ಏಳು ದಿನಗಳ ವಿಶೇಷ ಶಿಬಿರ ಕೇಳುತ್ತದೆ. ದತ್ತು ಪಡೆದ ಹಳ್ಳಿಗೆ ಮತ್ತೆ ಮತ್ತೆ ಹೋಗುವುದೇ ಅದರ ಶಕ್ತಿ.

ಹಣ ಕೊಟ್ಟವರಿಗೆ ಹೆಸರು ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು, ಬ್ಯಾನರ್ ಕಟ್ಟಲಿ. ಆದರೆ ಒಂದೇ ಶಾಲೆಗೋ ಹಳ್ಳಿಗೋ ಮೂರು ವರ್ಷವಾದರೂ ಅಂಟಿಕೊಳ್ಳಲಿ. ಹೊಸ ಹೆಸರಿನ ಕಾರ್ಯಕ್ರಮದ ಬದಲು ಕಾಲೇಜಿನಲ್ಲಿ ಈಗಾಗಲೇ ಇರುವ ಎನ್‌ಎಸ್‌ಎಸ್ ಘಟಕದ ಜೊತೆ ಕೈಜೋಡಿಸಲಿ. ಬಸ್ ಚಾರ್ಜ್, ನೋಟ್‌ಬುಕ್‌ಗಳ ಸಣ್ಣ ಬಜೆಟ್ಟನ್ನು ಅಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳ ಕೈಗೇ ಕೊಟ್ಟು ಪೈಸೆ ಪೈಸೆಗೂ ಲೆಕ್ಕ ಕೇಳಲಿ. ಹಣ ನಿಭಾಯಿಸಿ, ಜನರನ್ನು ಒಪ್ಪಿಸಿ, ಜಗಳ ಬಿಡಿಸಿ ಕೆಲಸ ಮುಗಿಸುವುದಕ್ಕಿಂತ ದೊಡ್ಡ ತರಬೇತಿ ಯಾವುದಿದೆ? ಅದೇ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೆ ಬಂದಾಗ ಸರ್ಟಿಫಿಕೇಟ್ ಎಣಿಸದೆ, 'ಆ ಶಾಲೆಯಲ್ಲಿ ಈಗ ಏನಾಗಿದೆ?' ಎಂದು ಕೇಳಲಿ.

ಗೆಳೆಯರೇ, ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ಇಂಥ ಕಾರ್ಯಕ್ರಮ ಕಾಲೇಜಿಗೆ ಬಂದಾಗ, ಟೀ ಶರ್ಟ್ ಸೈಜ್ ಹೇಳುವ ಮುನ್ನ ಎದ್ದು ನಿಂತು ಒಂದೇ ಪ್ರಶ್ನೆ ಕೇಳೋಣ: 'ಸರ್, ಏಪ್ರಿಲ್ ನಂತರವೂ ಇದು ಇರುತ್ತದೆಯೇ?'