ಹೊಸ ಪಾಸ್‌ಪೋರ್ಟ್, ಹಳೆಯ ವೀಸಾ: ‘ವರ್ಗಾವಣೆ’ ಎಂಬ ಪದದ ಗೊಂದಲ

ಪಾಸ್‌ಪೋರ್ಟ್ ನವೀಕರಣ ಈಗ ಮೊದಲಿನಷ್ಟು ಕಷ್ಟದ ಕೆಲಸವಲ್ಲ. ಆನ್‌ಲೈನ್ ಅರ್ಜಿ, ಸೇವಾ ಕೇಂದ್ರಕ್ಕೊಂದು ಭೇಟಿ, ಅಗತ್ಯವಿದ್ದರೆ ಪೊಲೀಸ್ ಪರಿಶೀಲನೆ. ಕೊನೆಗೆ ಅಂಚೆಯಲ್ಲಿ ಹೊಸ ಪುಸ್ತಕ ಮನೆಗೇ ಬರುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ಹಳೆಯ ಪಾಸ್‌ಪೋರ್ಟ್‌ಗೆ ‘ರದ್ದು’ ಮುದ್ರೆ ಬಿದ್ದಿರುತ್ತದೆ, ಅದರೊಳಗಿನ ವೀಸಾಕ್ಕೆ ಮಾತ್ರ ಇನ್ನೂ ನಾಲ್ಕೈದು ವರ್ಷ ಅವಧಿ ಉಳಿದಿರುತ್ತದೆ. ಅದನ್ನು ಹೊಸ ಪಾಸ್‌ಪೋರ್ಟ್‌ಗೆ ವರ್ಗಾಯಿಸಬೇಕೇ? ಅದಕ್ಕೆ ಯಾವ ದಾಖಲೆ ಬೇಕು?

ಗೊಂದಲದ ಮೂಲ ‘ವರ್ಗಾವಣೆ’ ಎಂಬ ಪದದಲ್ಲೇ ಇದೆ. ಕೆಲವು ದೇಶಗಳಲ್ಲಿ ಅಂಥ ಪ್ರಕ್ರಿಯೆಯೇ ಇಲ್ಲ. ಕೆಲವು ಕಡೆ ಅದು ಕಂಪ್ಯೂಟರ್ ದಾಖಲೆಯಲ್ಲಿ ಒಂದು ಸಂಖ್ಯೆ ಬದಲಿಸುವ ಕೆಲಸ. ಈ ವ್ಯತ್ಯಾಸ ತಿಳಿಯದವರು ಸಿಕ್ಕಿಬೀಳುವುದು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ.

ಎರಡೂ ಪಾಸ್‌ಪೋರ್ಟ್ ಕೈಯಲ್ಲಿರಲಿ

ಅಮೆರಿಕ ವೀಸಾವನ್ನು ಹೊಸ ಪಾಸ್‌ಪೋರ್ಟ್‌ಗೆ ವರ್ಗಾಯಿಸುವುದಿಲ್ಲ. ವೀಸಾ ಅವಧಿ ಮುಗಿದಿರಬಾರದು, ಅದು ರದ್ದಾಗಿರಬಾರದು, ಚೀಟಿ ಹಾಳಾಗಿರಬಾರದು. ಇಷ್ಟಿದ್ದರೆ ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ಎರಡನ್ನೂ ಹಿಡಿದು ಪ್ರಯಾಣ ಮಾಡಬಹುದು. ಕೆನಡಾದ ವೀಸಾ ಚೀಟಿಗೂ ಹೆಚ್ಚುಕಡಿಮೆ ಇದೇ ಕ್ರಮ. ‘ರದ್ದು’ ಮುದ್ರೆ ಬಿದ್ದಿರುವುದು ಪಾಸ್‌ಪೋರ್ಟ್‌ಗೆ, ವೀಸಾಕ್ಕಲ್ಲ. ವೀಸಾ ಚೀಟಿಯನ್ನು ಕಿತ್ತು ಹೊಸ ಪುಸ್ತಕಕ್ಕೆ ಅಂಟಿಸಿದರೆ ಮಾತ್ರ ಇದ್ದ ವೀಸಾವೂ ಕೈತಪ್ಪುತ್ತದೆ.

ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94 ದಾಖಲೆ. ಪಾಸ್‌ಪೋರ್ಟ್‌ನ ಅವಧಿ ಬೇಗ ಮುಗಿಯುವುದಿದ್ದರೆ ಐ-94ರ ದಿನಾಂಕವನ್ನೂ ಅಲ್ಲಿಗೇ ನಿಲ್ಲಿಸುವುದುಂಟು. ಆಮೇಲೆ ಹೊಸ ಪಾಸ್‌ಪೋರ್ಟ್ ಪಡೆದ ಮಾತ್ರಕ್ಕೆ ಆ ದಿನಾಂಕ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಸಂದರ್ಶನ ವಿನಾಯಿತಿಯನ್ನೂ ಅಮೆರಿಕ ಬಹಳಷ್ಟು ಕಡಿತಗೊಳಿಸಿದೆ. ಹೀಗಿರುವಾಗ ಹಳೆಯ ಪಾಸ್‌ಪೋರ್ಟ್ ಕಳೆದುಕೊಂಡು ಹೊಸ ವೀಸಾಕ್ಕಾಗಿ ಸರದಿಯಲ್ಲಿ ನಿಲ್ಲುವುದು ದುಬಾರಿ ತಪ್ಪು.

ಚೀಟಿ ಹೋಗಿ ದಾಖಲೆ ಬಂತು

ಬ್ರಿಟನ್‌ನಲ್ಲಿ ಬಹುತೇಕ ಬಿಆರ್‌ಪಿ ಕಾರ್ಡ್‌ಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದು, ಇ-ವೀಸಾ ಜಾಗ ಪಡೆದಿದೆ. ಅಲ್ಲಿ ವಾಸಿಸುವವರು ಹೊಸ ಪಾಸ್‌ಪೋರ್ಟ್‌ನ ವಿವರವನ್ನು ತಮ್ಮ ಯುಕೆವಿಐ ಖಾತೆಗೆ ತಾವೇ ಸೇರಿಸಬೇಕು. ಆಸ್ಟ್ರೇಲಿಯಾದ ವೀಸಾ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಣೆಯಾಗಿರುವುದರಿಂದ ಅಲ್ಲಿಗೂ ಹೊಸ ಸಂಖ್ಯೆ ತಿಳಿಸಲೇಬೇಕು. ಯುಎಇ 2022ರಲ್ಲಿ ಪಾಸ್‌ಪೋರ್ಟ್‌ಗೆ ವಾಸ್ತವ್ಯದ ವೀಸಾ ಚೀಟಿ ಅಂಟಿಸುವುದನ್ನು ಕೈಬಿಟ್ಟು ಎಮಿರೇಟ್ಸ್ ಐಡಿಯನ್ನೇ ಆಧಾರವಾಗಿಸಿತು.

ಸೌದಿಯಲ್ಲಿ ದುಡಿಯುವ ಕರಾವಳಿಯವರಿಗೆ ‘ನಕಲ್ ಮಾಲೂಮಾತ್’ ಹೊಸ ಮಾತಲ್ಲ. ಪಾಸ್‌ಪೋರ್ಟ್ ಬದಲಾದಾಗ ಇಕಾಮಾ ದಾಖಲೆಯಲ್ಲಿ ಹೊಸ ಸಂಖ್ಯೆ ನಮೂದಿಸುವುದೇ ಅದು. ಸಾಮಾನ್ಯವಾಗಿ ಈ ಕೆಲಸ ಕಾರ್ಮಿಕನ ಕೈಯಲ್ಲಿರುವುದಿಲ್ಲ, ಉದ್ಯೋಗದಾತ ಮಾಡಿಸಬೇಕು. ಕಂಪನಿ ತಡಮಾಡಿದರೆ ಊರಿಗೆ ಬರುವ ರಜೆಯ ಲೆಕ್ಕಾಚಾರವೇ ತಪ್ಪುತ್ತದೆ.

ಹೆಸರಿನಲ್ಲೇ ಎಡವಟ್ಟು

ಯಾವ ದೇಶದ ವ್ಯವಸ್ಥೆಯಾದರೂ ಕೇಳುವ ಪ್ರಶ್ನೆ ಒಂದೇ: ಈ ಎರಡು ಪಾಸ್‌ಪೋರ್ಟ್ ಸಂಖ್ಯೆಗಳೂ ಒಬ್ಬರದ್ದೇ? ಕನ್ನಡಿಗರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ನಿಲ್ಲುತ್ತವೆ. ನವೀಕರಣದ ವೇಳೆ ಅವನ್ನು ಬಿಡಿಸಿ ಬರೆದರೆ, ಇಲ್ಲವೇ ಖಾಲಿಯಿದ್ದ ಸರ್‌ನೇಮ್ ಜಾಗ ತುಂಬಿಸಿದರೆ ಹಳೆಯ ವೀಸಾದ ಹೆಸರಿಗೂ ಹೊಸ ಪಾಸ್‌ಪೋರ್ಟ್‌ನ ಹೆಸರಿಗೂ ತಾಳೆಯಾಗುವುದಿಲ್ಲ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ನಿರ್ಬಂಧಿಸಿ, ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಬಳಿಕ ಸ್ಪಷ್ಟಪಡಿಸಿದ್ದನ್ನು ಇಲ್ಲಿ ನೆನೆಯಬಹುದು.

ಹಾಗಾಗಿ ಹೊಸ ಪುಸ್ತಕ ಕೈಗೆ ಬಂದ ದಿನವೇ ಹೆಸರು, ಜನ್ಮದಿನಾಂಕ ಮತ್ತು ಕೊನೆಯ ಪುಟದಲ್ಲಿ ನಮೂದಾಗುವ ಹಳೆಯ ಪಾಸ್‌ಪೋರ್ಟ್ ಸಂಖ್ಯೆಯನ್ನು ತಾಳೆ ನೋಡಿ. ಎರಡನ್ನೂ ಜೋಡಿಸುವ ಮೊದಲ ಸಾಕ್ಷಿ ಆ ಕೊನೆಯ ಪುಟವೇ. ಎರಡೂ ಪಾಸ್‌ಪೋರ್ಟ್‌ಗಳ ಮೊದಲ ಮತ್ತು ಕೊನೆಯ ಪುಟ, ವೀಸಾ ಇರುವ ಪುಟ ಹಾಗೂ ವಾಸ್ತವ್ಯದ ಗುರುತಿನ ಚೀಟಿಯ ಪ್ರತಿಗಳು ಸಿದ್ಧವಿರಲಿ. ಹೆಸರು ಬದಲಾಗಿದ್ದರೆ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ಬೇಕಾಗಬಹುದು. ಹಳೆಯದು ಕಳೆದುಹೋಗಿದ್ದರೆ ಪೊಲೀಸ್ ದೂರಿನ ಪ್ರತಿ ಇರಲೇಬೇಕು. ಆದರೆ ಆ ದೂರಿನಿಂದ ಕಳೆದ ವೀಸಾ ಚೀಟಿ ಮರಳಿ ಬರುವುದಿಲ್ಲ. ಅಮೆರಿಕಕ್ಕಂತೂ ಹೊಸದಾಗಿಯೇ ಅರ್ಜಿ ಹಾಕಬೇಕು.

ಹೊರೆ ಯಾರ ಮೇಲೆ?

ಕಾಗದ ಕಡಿಮೆಯಾಗಿದೆ ನಿಜ, ಪ್ರಯಾಣಿಕನ ಜವಾಬ್ದಾರಿ ಕಡಿಮೆಯಾಗಿಲ್ಲ. ಮೊದಲು ಚೀಟಿ ಕಣ್ಣೆದುರು ಇರುತ್ತಿತ್ತು. ಈಗ ತಪ್ಪು ಇರುವುದು ಪರದೆಯ ಹಿಂದೆ, ಅದು ಗೊತ್ತಾಗುವುದು ಪ್ರಯಾಣದ ದಿನ. ಐಟಿ ಕಂಪನಿಯ ಉದ್ಯೋಗಿಗೆ ನೆರವಾಗಲು ವಕೀಲರಿದ್ದಾರೆ, ಎಚ್‌ಆರ್ ವಿಭಾಗವಿದೆ. ಕೊಲ್ಲಿಯ ಚಾಲಕನಿಗೆ, ಮನೆಗೆಲಸದವರಿಗೆ ಇರುವುದು ಟೈಪಿಂಗ್ ಸೆಂಟರ್ ಮತ್ತು ಏಜೆಂಟ್ ಮಾತ್ರ.

ಮನಸ್ಸು ಮಾಡಿದರೆ ಸರಳಗೊಳಿಸಬಹುದು ಎಂಬುದಕ್ಕೆ ನಮ್ಮ ಒಸಿಐ ಕಾರ್ಡೇ ಉದಾಹರಣೆ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪದೇ ಪದೇ ಕಾರ್ಡ್ ಮರುವಿತರಣೆ ಮಾಡಿಸಿಕೊಳ್ಳುವ ನಿಯಮ ಸಡಿಲಿಸಿತು. ಈಗ ಮರುವಿತರಣೆ ಬೇಕಿರುವುದು 20 ವರ್ಷ ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಪಡೆದಾಗ ಒಮ್ಮೆ ಮಾತ್ರ. ಉಳಿದ ಸಂದರ್ಭಗಳಲ್ಲಿ, ಅಗತ್ಯವಿದ್ದಾಗ, ಹೊಸ ಪಾಸ್‌ಪೋರ್ಟ್ ಪ್ರತಿ ಮತ್ತು ಭಾವಚಿತ್ರವನ್ನು ಉಚಿತವಾಗಿ ಆನ್‌ಲೈನ್‌ನಲ್ಲಿ ಸೇರಿಸಿದರೆ ಸಾಕು.

ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಸಿಕ್ಕ ಈ ಸೌಲಭ್ಯದ ಕಾಳಜಿ ನಮ್ಮದೇ ಪಾಸ್‌ಪೋರ್ಟ್ ಹಿಡಿದು ಹೊರಗೆ ದುಡಿಯುವವರಿಗೂ ಸಿಗಬೇಕು. ನವೀಕರಣಗೊಂಡ ಪಾಸ್‌ಪೋರ್ಟ್ ಜೊತೆಗೆ ‘ನಿಮ್ಮ ವೀಸಾ ಇರುವ ದೇಶಕ್ಕೆ ಹೊಸ ಸಂಖ್ಯೆ ತಿಳಿಸಿ, ಹಳೆಯ ಪುಸ್ತಕ ಜೋಪಾನವಾಗಿಡಿ’ ಎಂಬ ಒಂದು ಹಾಳೆಯನ್ನು ಕನ್ನಡವೂ ಸೇರಿ ಆಯಾ ಭಾಷೆಯಲ್ಲಿ ಕೊಡಲು ಸರ್ಕಾರಕ್ಕೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಟಿಕೆಟ್ ದುಡ್ಡು ಕಳೆದುಕೊಂಡು ವಿಮಾನ ನಿಲ್ದಾಣದಿಂದಲೇ ವಾಪಸಾಗುವವರಿಗೆ ಅದು ಸಣ್ಣ ಉಪಕಾರವಲ್ಲ.