ಗುಂಡಿಗಿ ಐತಿ, ಹಗ್ಗ ಹಿಡಿಯೋರು ಬೇಕು

ನಮ್ಮ ಹಾವೇರಿ ಜಿಲ್ಲೆಯಲ್ಲಿ ನೀರು ಗಟ್ಟಿಯಾಗೋದು ಫ್ರಿಜ್ಜಿನೊಳಗೆ ಮಾತ್ರ. ಹಾನಗಲ್ಲಿನ ಗದ್ದೆ ಇರಲಿ, ಸವಣೂರಿನ ಎಲೆತೋಟ ಇರಲಿ, ಡಿಸೆಂಬರ್ ಚಳಿ ಅಂದರೆ ಒಂದು ಸ್ವೆಟರ್, ಎರಡು ಕಪ್ ಚಹಾ, ಅಷ್ಟೇ. ಆದರೂ ಹಾಸ್ಟೆಲಿನಲ್ಲಿ ಈಗ ಯಾರ ಮೊಬೈಲ್ ನೋಡಿದರೂ ಸ್ಪಿತಿ, ಲಡಾಖ್ ಕಡೆಯ ಹೆಪ್ಪುಗಟ್ಟಿದ ಜಲಪಾತ ಹತ್ತುವ ವಿಡಿಯೊ. ನೋಡಿದವರೆಲ್ಲ ಹೇಳೋದು ಒಂದೇ ಮಾತು: "ಏನ್ ಗುಂಡಿಗಿಲೇ ಇವಂದು!"

ನನ್ನ ತಕರಾರು ಇರೋದು ಈ ಮಾತಿನ ಮೇಲೆ. ಅಲ್ಲಿ ನೋಡಬೇಕಾದ್ದು ಗುಂಡಿಗೆ ಅಲ್ಲ, ಹಗ್ಗ. ಅದಕ್ಕಿಂತ ಹೆಚ್ಚಾಗಿ, ಕ್ಯಾಮೆರಾ ತೋರಿಸದೇ ಇರುವ ಆ ಎರಡನೆಯವನು.

ಎತ್ತರದ ಹಿಮ ಜಲಪಾತವನ್ನು ಒಂದೇ ಏಟಿಗೆ ಹತ್ತೋಕಾಗಲ್ಲ. ಹಗ್ಗ ಸಾಮಾನ್ಯವಾಗಿ 60 ಮೀಟರ್. ಅಷ್ಟರೊಳಗೆ ಒಂದು ಹಂತ ಮುಗಿಯಬೇಕು. ಆ ಹಂತಕ್ಕೇ ಪಿಚ್ ಅಂತಾರೆ (ಕ್ರಿಕೆಟ್ಟಿಂದಲ್ಲ). ಬಿಸಿಲೇರಿದರೆ ಹಿಮ ಸಡಿಲಾಗಿ ಮೇಲಿಂದ ತುಂಡು ಉದುರುತ್ತವೆ, ಹಾಗಾಗಿ ಕತ್ತಲಿರುವಾಗಲೇ ಹೊರಡೋದು. ಮುಂದಿನವನು ಎರಡೂ ಕೈಯಲ್ಲಿ ಹಿಮಗೊಡಲಿ ಹಿಡಿದು, ಬೂಟಿನ ಮುಳ್ಳು ಊರಿ ಹತ್ತುತ್ತಾನೆ. ಕೆಲವು ಮೀಟರಿಗೊಮ್ಮೆ ಕೊಳವೆಯಂಥ ಸ್ಕ್ರೂವನ್ನು ಹಿಮಕ್ಕೆ ತಿರುಗಿಸಿ, ಅದಕ್ಕೆ ಹಗ್ಗ ಸಿಕ್ಕಿಸುತ್ತಾನೆ. ಕೆಳಗಿನವನು ಆಧಾರಕ್ಕೆ ಕಟ್ಟಿಕೊಂಡು ಹಗ್ಗ ಬಿಡುತ್ತಿರುತ್ತಾನೆ. ಹಂತ ಮುಗಿದ ಮೇಲೆ ಮೇಲಿನವನು ಗಟ್ಟಿ ಆಧಾರ ಮಾಡಿ ಕೂಗಬೇಕು, ಆಮೇಲೆ ಕೆಳಗಿನವನು ಸ್ಕ್ರೂ ಬಿಚ್ಚುತ್ತಾ ಬರಬೇಕು. ಹೀಗೆ ಮೂರು ಸಲ, ನಾಲ್ಕು ಸಲ. ಅಂದರೆ ದಿನದ ಅರ್ಧ ಹೊತ್ತು ಯಾರಾದರೂ ಒಬ್ಬರು ಚಳಿಗೆ ನಡುಗುತ್ತಾ ಸುಮ್ಮನೆ ನಿಂತಿರುತ್ತಾರೆ. ಹಿಮದ ಬಣ್ಣ, ಸದ್ದು ಸರಿ ಕಾಣದಿದ್ದರೆ ಅರ್ಧಕ್ಕೇ ಇಳಿದು ಬರುತ್ತಾರೆ. ಅದಕ್ಕೆ ಯಾರೂ ಲೈಕ್ ಒತ್ತಲ್ಲ.

ನಾವು ಇಂಜಿನಿಯರಿಂಗ್ ಹುಡುಗರು, ಲೆಕ್ಕಾನೂ ನೋಡೋಣ. ಹಗ್ಗದ ಮೇಲೆ ಬೀಳುವ ಜಗ್ಗು ಬರೀ ಬಿದ್ದ ದೂರದಿಂದ ನಿರ್ಧಾರವಾಗಲ್ಲ. ಬಿದ್ದ ದೂರವನ್ನು, ಬಿಟ್ಟಿರುವ ಹಗ್ಗದ ಉದ್ದದಿಂದ ಭಾಗಿಸಬೇಕು. 20 ಮೀಟರ್ ಹಗ್ಗ ಬಿಟ್ಟಾಗ 4 ಮೀಟರ್ ಬಿದ್ದರೆ 0.2. ಅದೇ 4 ಮೀಟರ್, ಆಧಾರದ ಪಕ್ಕದಲ್ಲೇ 2 ಮೀಟರ್ ಹಗ್ಗದ ಮೇಲೆ ಬಿದ್ದರೆ 2. ಬಿದ್ದದ್ದು ಅಷ್ಟೇ ದೂರ, ಪೆಟ್ಟು ಮಾತ್ರ ಭಯಂಕರ. ಹತ್ತುವ ಹಗ್ಗ ಹಿಗ್ಗಿ ಆ ಪೆಟ್ಟನ್ನು ಕುಡಿಯುತ್ತದೆ. ಬಾವಿಯ ಹಗ್ಗ ಹಿಗ್ಗಲ್ಲ, ಸೊಂಟ ಮುರಿಯುತ್ತದೆ. ಟ್ರೆಕ್ಕಿಗೆ ಹೋಗುವಾಗ ಊರಿನ ಅಂಗಡಿಯಿಂದ ನೈಲಾನ್ ಹಗ್ಗ ಕೊಂಡು ಬ್ಯಾಗಿಗೆ ತುರುಕಿಕೊಳ್ಳುವ ದೋಸ್ತರು ಇದನ್ನು ಎರಡು ಸಲ ಓದ್ರಿ.

ನಮ್ಮಲ್ಲೂ ಹತ್ತುವವರಿದ್ದಾರೆ. ಚಿತ್ರದುರ್ಗದ ಕೋಟೆಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಯಾರಿಗೆ ಗೊತ್ತಿಲ್ಲ? 253 ಮೀಟರಿನ ಜೋಗದ ಬಂಡೆಯನ್ನೂ ಅವರು ಬಲ್ಲರು. 2018ರಲ್ಲಿ ಅಲ್ಲಿ ಕಾಣೆಯಾದ ಯುವಕನನ್ನು ಹುಡುಕಲು ಇಳಿದು ತಾವೇ ರಾತ್ರಿಯಿಡೀ ಸಿಗದೆ, ಮರುದಿನ ಜೀವಂತ ಸಿಕ್ಕರು. ಅವರ ಮೇಲೆ ನನಗೆ ದೊಡ್ಡ ಗೌರವ. ಆದರೆ ಅಂಥ ಮೈ, ಅಂಥ ಅಭ್ಯಾಸ ಒಬ್ಬರಿಗೆ ಇರುತ್ತೆ. ಅವರನ್ನು ನೋಡಿ ಚಪ್ಪಾಳೆ ತಟ್ಟಿದ ಸಾವಿರ ಜನಕ್ಕೆ ಇರಲ್ಲ. ಮಳೆಗಾಲದಲ್ಲಿ ಹಿರೇಕೆರೂರು ಕಡೆ ಮದಗ-ಮಾಸೂರು ಕೆರೆ ಕೋಡಿ ಬಿದ್ದಾಗ ಪಾಚಿ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವವರನ್ನು ನೋಡ್ರಿ, ಹೇಳೋದು ಅರ್ಥ ಆಗುತ್ತೆ.

ಧೈರ್ಯಕ್ಕಂತೂ ನಮ್ಮಲ್ಲಿ ಬರ ಇಲ್ಲ. ದೀಪಾವಳಿ ಆದ ಮೇಲೆ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಎಲ್ಲಾ ಕಡೆ ಹೋರಿ ಬೆದರಿಸುವ ಹಬ್ಬ. ಓಡಿ ಬರುವ ಹೋರಿಯ ಕೊರಳಿನ ಕೊಬ್ಬರಿಗೆ ಕೈ ಹಾಕುವ ಹುಡುಗರಿಗೆ ಯಾರು ಧೈರ್ಯ ಹೇಳಿಕೊಡಬೇಕು? ಹಗ್ಗದ ತಿಳಿವಳಿಕೆಯೂ ಮನೆಯಲ್ಲೇ ಐತಿ: ದಾವಣಿ, ಮೂಗದಾಣ, ಜತಗಿ, ಮಿಣಿ. ಯಾವ ಹಗ್ಗ ಎಲ್ಲಿಗೆ, ಯಾವ ಗಂಟು ಜಗ್ಗಿದರೆ ಬಿಚ್ಚಬಾರದು ಅನ್ನೋದು ನಮ್ಮ ಅಜ್ಜಂದಿರ ಕೈಗೆ ಗೊತ್ತು. ಇಲ್ಲದಿರೋದು ಒಂದೇ, ಹೊರಡುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡುವ ರೂಢಿ. ನಮ್ಮಲ್ಲಿ ಹಾಗೆ ನೋಡಿದರೆ, "ಯಾಕಲೇ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಅಂತ ಸಿಟ್ಟಾಗ್ತಾರೆ.

ಹಾಗಾಗಿ ಈ ವರ್ಷ ಹಿಮ ಹತ್ತೋಕೆ ಹಿಮಾಲಯಕ್ಕೆ ಟೂರ್ ಹೋಗೋಣ ಅನ್ನುವ ಪ್ರಸ್ತಾಪಕ್ಕೆ ನನ್ನ ವಿರೋಧವಿದೆ. ಹೋಗುವವರು ಉತ್ತರಕಾಶಿಯಲ್ಲಿ 1965ರಿಂದ ಇರುವ ಪರ್ವತಾರೋಹಣ ಸಂಸ್ಥೆಯಂಥ ಕಡೆ ಸರಿಯಾಗಿ ಕಲಿಯಲಿ, ಅಥವಾ ಮೊದಲು ಇಲ್ಲೇ ಬಾದಾಮಿಯ ಬಂಡೆಗೆ ಹೋಗಲಿ. ಅದಕ್ಕೂ ಮುಂಚೆ ವರ್ಕ್‌ಶಾಪಿನಲ್ಲೇ, ತರಬೇತಿ ಪಡೆದವರೊಬ್ಬರನ್ನು ಕರೆಸಿ, ತೊಲೆಗೆ ಒಂದು 80 ಕೆಜಿ ಮರಳು ಚೀಲ ನೇತುಹಾಕೋಣ. ಕೂಗುವ ಮಾತು ಕನ್ನಡದಲ್ಲೇ ಇರಲಿ, ಗಾಬರಿಯಲ್ಲಿ ಬಾಯಿಗೆ ಬರೋದು ಅದೇ: "ಸಡಿಲ ಬಿಡು", "ಬಿಗಿ ಹಿಡಿ", "ಕಟ್ಕೊಂಡೀನಿ, ಬಾ". ಹತ್ತುವ ಸರದಿಗೆ ಹೆಸರು ಕೊಡೋಕೆ ಎಲ್ಲರೂ ಓಡಿ ಬರ್ತಾರೆ, ಗೊತ್ತು. ನಾನು ಪಟ್ಟಿ ಮಾಡೋದು ಮೊದಲು ಹಗ್ಗ ಹಿಡಿಯೋರದ್ದು.