ಎತ್ತರಿಸಿದ ಜೀಪು ಮತ್ತು ಪುಕ್ಕಟೆ ತಪಾಸಣೆ

ಮಲೆನಾಡು, ಕೊಡಗಿನ ಕಡೆ ಲಿಫ್ಟ್ ಕಿಟ್ ಹಾಕಿ ಎತ್ತರಿಸಿದ ಹಳೆಯ ಜೀಪು, ಪಿಕಪ್‌ಗಳಿಗೆ ಬರುವ ಕಾಯಿಲೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ವೇಗ ಹಿಡಿದರೆ ಸ್ಟೇರಿಂಗ್ ನಡುಗುತ್ತದೆ, ಗುಂಡಿಗೆ ಇಳಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದೇ ಅಂಚು ಸವೆಯುತ್ತದೆ. ಮದ್ದೂ ಒಂದೇ: ಮೊದಲು ಹೊಸ ಶಾಕಬ್ಸರ್, ಆಮೇಲೆ ಸ್ಟೇರಿಂಗ್ ಡ್ಯಾಂಪರ್, ಅದಕ್ಕೂ ಬಗ್ಗದಿದ್ದರೆ ಇನ್ನೊಂದೇನೋ. ಬಿಲ್ಲು ಬೆಳೆಯುತ್ತದೆ, ನಡುಕ ಮಾತ್ರ ಹಾಗೇ ಉಳಿಯುತ್ತದೆ. ಇದಕ್ಕೆ ಮೆಕ್ಯಾನಿಕ್‌ನನ್ನಷ್ಟೇ ದೂರಿ ಫಲವಿಲ್ಲ. ಬಿಡಿಭಾಗಕ್ಕೆ ಸಾವಿರಗಟ್ಟಲೆ ಎಣಿಸುವ ನಾವು, ಗಾಡಿಯಡಿ ಮಲಗಿ ಒಂದು ಗಂಟೆ ನೋಡಿದ್ದಕ್ಕೆ ಕೂಲಿ ಕೇಳಿದರೆ ಹುಬ್ಬೇರಿಸುತ್ತೇವೆ. ನೋಡುವುದಕ್ಕೆ ಬೆಲೆಯಿಲ್ಲದ ಕಡೆ ಬದಲಾಯಿಸುವುದೇ ರಿಪೇರಿ ಎನಿಸಿಕೊಳ್ಳುತ್ತದೆ.

ಎತ್ತರಿಸಿದ ಗಾಡಿಯಲ್ಲಿ ದೋಷ ಎಷ್ಟೋ ಸಲ ಭಾಗದಲ್ಲಲ್ಲ, ಕೋನದಲ್ಲಿ ಇರುತ್ತದೆ. ಎಂಎಂ 540ಯಂಥ ಜೀಪಿನ ಮುಂದಿನ ಲೀಫ್ ಸ್ಪ್ರಿಂಗಿಗೆ ಉದ್ದನೆಯ ಶ್ಯಾಕಲ್ ಹಾಕಿದರೆ ಆಕ್ಸಲ್ ತುಸು ತಿರುಗಿ ಕ್ಯಾಸ್ಟರ್ ಕೋನ, ಅಂದರೆ ಸ್ಟೇರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಬಹುದು. ಸೈಕಲ್ಲು ನೇರ ಓಡಲು ಹವಣಿಸುವುದಕ್ಕೆ ಅದರ ಫೋರ್ಕ್ ವಾಲಿರುವುದೂ ಒಂದು ಕಾರಣ. ಆ ವಾಲುವಿಕೆ ತಗ್ಗಿದರೆ ಚಕ್ರ ಅಲೆಯುತ್ತದೆ. 2010ರಲ್ಲಿ ಬಂದ ಥಾರ್ ಜೀಪಿನ ಕೆಲ ಮಾದರಿಗಳ ಮುಂಭಾಗದಲ್ಲಿ ಇರುವುದು ಟಾರ್ಶನ್ ಬಾರ್. ಅದರ ಬೋಲ್ಟ್ ತಿರುಗಿಸಿದರೆ ಗಾಡಿ ಕಾಸು ಖರ್ಚಿಲ್ಲದೆ ಮೇಲೇಳುತ್ತದೆ, ಆದರೆ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಟ ಹೆಚ್ಚುವುದಿಲ್ಲ. ಮೇಲೆ ಸಿಕ್ಕಿದ್ದನ್ನು ಕೆಳಗೆ ಕಳೆದುಕೊಂಡ ಚಕ್ರ ಗುಂಡಿಗೆ ಇಳಿಯುವಷ್ಟರಲ್ಲೇ ಮಿತಿ ಮುಟ್ಟಿ ಧಡ್ ಎನ್ನುತ್ತದೆ. ಬಾಲ್ ಜಾಯಿಂಟ್, ಆಕ್ಸಲ್ ಜಾಯಿಂಟ್‌ಗಳು ಓರೆಯಲ್ಲೇ ದುಡಿದು ಬೇಗ ಸವೆಯುತ್ತವೆ. ಇದಕ್ಕೆ ಎಷ್ಟು ಶಾಕಬ್ಸರ್ ಹಾಕಿದರೇನು?

ಪತ್ತೆಗೆ ದೊಡ್ಡ ಯಂತ್ರ ಬೇಕಿಲ್ಲ, ಕ್ರಮ ಬೇಕು. ಟೈರಿನ ಗಾಳಿ, ಬ್ಯಾಲೆನ್ಸ್ ಮೊದಲು. ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಎಡಬಲಕ್ಕೆ ಆಡಿಸಿ, ಇನ್ನೊಬ್ಬರು ಕೆಳಗಿನಿಂದ ಟೈ ರಾಡ್ ಎಂಡ್, ಬುಷ್‌ಗಳನ್ನು ನೋಡಬೇಕು. ಆಮೇಲೆ ಜಾಕ್ ಕೊಟ್ಟು, ಭದ್ರ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಬ್ರೇಕ್ ಒತ್ತಿದಾಗ ಅಲುಗಾಟ ಮಾಯವಾದರೆ ಅನುಮಾನ ಬೇರಿಂಗಿನ ಮೇಲೆ. ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್ ಮೇಲೆ. ಇದೆಲ್ಲ ಮುಗಿದ ಮೇಲಷ್ಟೇ ಅಲೈನ್‌ಮೆಂಟ್. ಕಂಪ್ಯೂಟರಿನಲ್ಲಿ ಎಲ್ಲ ಸರಿಯಿದೆ ಎನ್ನುವವರುಂಟು. ಆದರೆ ಸಡಿಲ ಜಾಯಿಂಟ್ ಇಟ್ಟುಕೊಂಡು ತೆಗೆದ ಅಳತೆ ಗಾಡಿ ನಿಂತಾಗಿನದು, ಓಡುವಾಗಿನದಲ್ಲ. ಡ್ಯಾಂಪರ್ ಹಾಕಿದೊಡನೆ ನಡುಕ ನಿಂತಿತಲ್ಲ ಎಂಬ ವಾದವೂ ಅಷ್ಟೇ: ಜ್ವರದ ಮಾತ್ರೆ ಜ್ವರ ಇಳಿಸುತ್ತದೆ, ಸೋಂಕು ಎಲ್ಲಿದೆ ಎಂದು ಹೇಳುವುದಿಲ್ಲ.

ತೋಟದ ದಾರಿಗೆ ಎತ್ತರ ಬೇಕೇ ಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಲೀಫ್ ಸ್ಪ್ರಿಂಗಿನ ಜೀಪಿನಲ್ಲಿ ಕಲ್ಲಿಗೆ ಮೊದಲು ತಾಗುವುದು ಆಕ್ಸಲ್ಲಿನ ನಡುವಿನ ಡಿಫರೆನ್ಶಿಯಲ್. ಸ್ಪ್ರಿಂಗ್ ಎಷ್ಟು ಎತ್ತರಿಸಿದರೂ ಅದು ಒಂದಂಗುಲವೂ ಏಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಆ ಟೈರಿಗೆ ಜಾಗ ಬಿಡಲು ಎಷ್ಟು ಬೇಕೋ ಅಷ್ಟು ಎತ್ತುವುದು ಲೆಕ್ಕಾಚಾರ, ಮಿಕ್ಕಿದ್ದು ಠೀವಿ. ಕಾನೂನಿನ ಲೆಕ್ಕವೂ ಇದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಎಣಿಸುತ್ತದೆ. ಸಸ್ಪೆನ್ಶನ್ನಿನ ಲೆಕ್ಕ ಇನ್ನೂ ಕಠಿಣ: ಅಲ್ಲಿ ಒಂಟಿ ಮಾರ್ಪಾಡು ಎಂಬುದೇ ಇಲ್ಲ, ಒಂದನ್ನು ಮುಟ್ಟಿದರೆ ಉಳಿದ ಕೋನಗಳೂ ಕದಲುತ್ತವೆ.

ಹಾಗಾಗಿ ಗ್ಯಾರೇಜಿನ ಬಿಲ್ಲಿನಲ್ಲಿ ಬಿಡಿಭಾಗಗಳಿಗಿಂತ ಮೇಲೆ ‘ತಪಾಸಣೆ’ ಎಂಬ ಸಾಲು ಇರಲಿ, ಅದಕ್ಕೆ ಮರ್ಯಾದೆಯ ಮೊತ್ತವೂ ಇರಲಿ. ಏನನ್ನೂ ಬದಲಿಸದೆ, ಒಂದು ನಟ್ಟು ಬಿಗಿದು ಗಾಡಿ ಕಳಿಸಿದ ಮೆಕ್ಯಾನಿಕ್‌ಗೂ ಆ ದಿನದ ಕೂಲಿ ಗಿಟ್ಟಬೇಕು.